ತಿಂಗಳ ಮಾತ್ರೆಗೆ ಹಳೆಯ ಚೀಟಿ

ಹನುಮಂತನಗರದ ನನ್ನ ಔಷಧದಂಗಡಿಗೆ ಬರುವ ಹಿರಿಯರಲ್ಲಿ ಹೆಚ್ಚಿನವರು ಬಿ.ಪಿ., ಸಕ್ಕರೆ ಕಾಯಿಲೆಯವರು. ಕೈಯಲ್ಲಿ ಹಳೆಯ ಚೀಟಿ, ಇಲ್ಲವೇ ಖಾಲಿ ಸ್ಟ್ರಿಪ್. "ಅದೇ ಮಾತ್ರೆ ಕೊಡಪ್ಪ, ಇಷ್ಟಕ್ಕೂ ಡಾಕ್ಟರ ಹತ್ತಿರ ಹೋಗಬೇಕೇ?" ಎಂದು ಕೇಳುತ್ತಾರೆ. ಕೇಳುವುದರಲ್ಲಿ ನ್ಯಾಯವಿದೆ. ವೈದ್ಯರ ಫೀಸು, ಆಟೊ ಬಾಡಿಗೆ ಲೆಕ್ಕ ಹಾಕಿ ಮಾತ್ರೆಯನ್ನೇ ನಿಲ್ಲಿಸಿಬಿಟ್ಟವರನ್ನು ನಾನು ಬಲ್ಲೆ.

1945ರ ಔಷಧ ನಿಯಮಗಳ 65ನೇ ನಿಯಮದಂತೆ ಷೆಡ್ಯೂಲ್ ಎಚ್ ಎಂಬ ಪಟ್ಟಿಯಲ್ಲಿರುವ ಔಷಧವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಒಂದು ಚೀಟಿಗೆ ಒಂದೇ ಸಲ. ಆದರೆ ಇಷ್ಟು ಸಲ, ಇಷ್ಟು ದಿನಕ್ಕೊಮ್ಮೆ ಕೊಡಬಹುದೆಂದು ವೈದ್ಯರೇ ಬರೆದಿದ್ದರೆ ಮತ್ತೆ ಕೊಡಲು ಅದೇ ನಿಯಮ ಒಪ್ಪುತ್ತದೆ. ಸುತ್ತಲಿನ ಕ್ಲಿನಿಕ್‌ಗಳಿಗೆ ಹೋಗಿ, ಕಾಯಿಲೆ ಹತೋಟಿಯಲ್ಲಿರುವವರಿಗೆ ಹಾಗೆ ಬರೆದುಕೊಡಿ ಎಂದು ಕೇಳಿಕೊಂಡೆ. ಕೆಲವರು ಒಪ್ಪಿದರು. ಪ್ರತಿ ಸಲ ಕೊಡುವಾಗ ವೈದ್ಯರ ಸಹಿಯ ಮೇಲ್ಗಡೆ ಅಂಗಡಿಯ ಹೆಸರು, ವಿಳಾಸ, ದಿನಾಂಕದ ಮೊಹರು ಒತ್ತುತ್ತೇನೆ.

ಮೊಹರಿಗೆ ಮುನ್ನ ಎರಡು ಮಾತು ಕೇಳುತ್ತೇನೆ: ತಲೆ ಸುತ್ತುತ್ತದೆಯೇ, ಕಾಲು ಊದಿದೆಯೇ? ಬಿ.ಪಿ.ಗೆ ಅಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ ಒಬ್ಬ ಅಮ್ಮನ ಪಾದದಲ್ಲಿ ಚಪ್ಪಲಿಯ ಪಟ್ಟಿ ಆಳವಾಗಿ ಅಚ್ಚೊತ್ತಿತ್ತು. ವಯಸ್ಸಾಯಿತಲ್ಲ ಎಂದುಕೊಂಡು ಅವರು ಸುಮ್ಮನಿದ್ದರು. ಆ ಮಾತ್ರೆಯಿಂದ ಪಾದ ಊದುವುದುಂಟು. ಅಲ್ಲಿಂದಲೇ ವೈದ್ಯರಿಗೆ ಫೋನ್ ಮಾಡಿಸಿದೆ; ಅವರು ಕರೆಸಿಕೊಂಡು ನೋಡಿ ಔಷಧ ಬದಲಿಸಿದರು. ಚೀಟಿಯ ಅವಧಿ ಮುಗಿದವರಿಗೂ ಫೋನೇ ದಾರಿ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯಂತೆ ವೈದ್ಯರು ಸಹಿ ಮಾಡಿದ ಚೀಟಿಯ ಚಿತ್ರವನ್ನು ರೋಗಿಯ ಮೊಬೈಲ್‌ಗೆ ಕಳಿಸಬಹುದು.

ಆಂಟಿಬಯಾಟಿಕ್ ವಿಷಯದಲ್ಲಿ ಮಾತ್ರ ನನ್ನದು ಕಡ್ಡಿ ಮುರಿದಂಥ ಉತ್ತರ. ಗಂಟಲು ನೋವಿಗೆ ಸೆಫಿಕ್ಸಿಮ್ ಎರಡೇ ಮಾತ್ರೆ ಕೊಡಿ ಎಂದರೆ ಕೊಡುವುದಿಲ್ಲ. ಅದು 2014ರಿಂದ ಜಾರಿಯಲ್ಲಿರುವ, ಷೆಡ್ಯೂಲ್ ಎಚ್‌ಗಿಂತ ಬಿಗಿಯಾದ ಎಚ್1 ಪಟ್ಟಿಯಲ್ಲಿದೆ. ವೈದ್ಯರ, ರೋಗಿಯ ಹೆಸರು ಬರೆದ ಪ್ರತ್ಯೇಕ ರಿಜಿಸ್ಟರನ್ನು ಮೂರು ವರ್ಷ ಇಡಬೇಕು.

ಇಂಗ್ಲೆಂಡಿನಲ್ಲಿ 2024ರ ಜನವರಿಯಿಂದ ಏಳು ಸಾಮಾನ್ಯ ತೊಂದರೆಗಳಿಗೆ ಫಾರ್ಮಾಸಿಸ್ಟರೇ, ನಿಗದಿತ ಕ್ರಮಕ್ಕೆ ಒಳಪಟ್ಟು, ಔಷಧ ಕೊಡುತ್ತಾರೆ. ನಾನು ಅಷ್ಟನ್ನು ಕೇಳುತ್ತಿಲ್ಲ. ವರ್ಷಗಟ್ಟಲೆ ನುಂಗುತ್ತಿರುವ ಮಾತ್ರೆಯನ್ನು, ಹಳೆಯ ಚೀಟಿ ನೋಡಿ, ದಾಖಲಿಸಿ, ಒಂದು ತಿಂಗಳ ಮಟ್ಟಿಗೆ ಕೊಡುವ ಅಧಿಕಾರ ನಮಗೆ ಬೇಕು. ಅದೂ ನೋಂದಾಯಿತ ಫಾರ್ಮಾಸಿಸ್ಟ್ ಖುದ್ದಾಗಿ ಕೌಂಟರಿನಲ್ಲಿ ನಿಂತಿರುವ ಅಂಗಡಿಗೆ ಮಾತ್ರ. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿ ಹುಡುಗರ ಕೈಯಲ್ಲಿ ವ್ಯಾಪಾರ ನಡೆಸುವವರಿಗೆ ಈ ಅಧಿಕಾರ ಸಿಗಕೂಡದು.