ಏಳು ಗಂಟೆ ತೊಂಬತ್ತು ನಿಮಿಷ: ಮಗನ ಮನೆಪಾಠಕ್ಕೆ ಪಠ್ಯ ಆರಿಸಿದ ನನ್ನ ಅನುಭವ

ಮಗನನ್ನು ಶಾಲೆ ಬಿಡಿಸಿ ಮನೆಯಲ್ಲೇ ಕಲಿಸೋಣ ಅಂತ ನಾವಿಬ್ಬರೂ ತೀರ್ಮಾನ ಮಾಡಿದಾಗ ಅವನಿಗೆ ಒಂಬತ್ತು ವರ್ಷ. ನಮ್ಮದು ಕುಮಟಾ ತಾಲೂಕು, ಅಘನಾಶಿನಿ ಸಮುದ್ರ ಸೇರುವ ಕಡೆಯ ಊರು. ಕೇಳಿ ತಿಳಿದುಕೊಳ್ಳೋಣ ಅಂದರೆ ಹೀಗೆ ಮಕ್ಕಳಿಗೆ ಮನೆಯಲ್ಲೇ ಕಲಿಸುವವರು ಹತ್ತಿರದಲ್ಲಿ ಯಾರೂ ಇರಲಿಲ್ಲ. ದಸರಾ ರಜೆ ಮುಗಿಯುವುದರೊಳಗೆ ಅಮೆರಿಕದ ಒಂದು ಪಠ್ಯಕ್ರಮದ ಇಡೀ ವರ್ಷದ ಪೆಟ್ಟಿಗೆಯನ್ನು 28,000 ರೂಪಾಯಿ ಕೊಟ್ಟು ತರಿಸಿಬಿಟ್ಟೆ.

ಪುಸ್ತಕಗಳು ಚೆನ್ನಾಗಿದ್ದವು. ಯಾವ ದಿನ ಯಾವ ಪಾಠ ಅಂತ ಬರೆದೇ ಕೊಟ್ಟಿದ್ದರು, ಅದೇ ನನಗೆ ಧೈರ್ಯ. ಆದರೆ ಗಣಿತದಲ್ಲಿ ಔನ್ಸು, ಇಂಚು, ಡಾಲರು. ವಿಜ್ಞಾನದ ಮೊದಲ ಪಾಠ ಹಿಮ ಬೀಳುವ ಕಾಲದ್ದು. "ಆಯಿ, ಒಂದು ಔನ್ಸ್ ಅಂದ್ರೆ ಅಜ್ಜಿ ಅಳೆಯೋ ಸಿದ್ದೆಯಲ್ಲಿ ಎಷ್ಟಾಗ್ತದೆ?" ಅಂತ ಕೇಳಿದ. ನನಗೂ ಗೊತ್ತಿರಲಿಲ್ಲ. ಎರಡು ತಿಂಗಳಲ್ಲಿ ಪುಸ್ತಕ ಕಂಡರೆ ಎದ್ದು ಹೋಗುವ ಹಾಗಾದ.

ಆಗ ಎಲ್ಲ ಪಾಠ ನಿಲ್ಲಿಸಿದೆ. ಮೂರು ವಾರ ಸುಮ್ನೆ ಅವನನ್ನು ನೋಡುತ್ತಾ ಹಳೆ ಡೈರಿಯೊಂದರಲ್ಲಿ ಬರೆದಿಟ್ಟೆ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ, ಬರೆಯಲು ಕೊಟ್ಟರೆ ಎರಡು ಸಾಲಿಗೆ ಕೈ ಸೋಲುತ್ತದೆ. ಬೆಳಿಗ್ಗೆ ತಲೆ ಚುರುಕು, ಊಟದ ನಂತರ ಏನೂ ಹೋಗುವುದಿಲ್ಲ. ಬಿಟ್ಟರೆ ದಿನವಿಡೀ ಹೊಳೆದಂಡೆ.

ಹೊಳೆಯಲ್ಲಿ ಇಳಿತ ಆದಾಗ ಹೆಂಗಸರು ಬಳಚು, ಅಂದರೆ ಚಿಪ್ಪುಮೀನು, ಆರಿಸಲು ಇಳಿಯುತ್ತಾರೆ. ಇವನಿಗೂ ಅವರ ಜೊತೆ ಹೋಗಬೇಕು. ನೀರು ಯಾವಾಗ ಇಳಿಯುತ್ತದೆ ಅಂತ ದಿನಾ ಕೇಳುತ್ತಿದ್ದ. "ನೀನೇ ಬರೆದಿಡು ತಮಾ, ಗೊತ್ತಾಗ್ತದೆ" ಅಂದೆ. ದಂಡೆಯ ಕೆಳಗಿನ ಮೆಟ್ಟಿಲನ್ನು ನೀರು ಬಿಡುವ ಸಮಯ ಬರೆಯತೊಡಗಿದ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ ಅಂತ ಅವನೇ ಕಂಡುಕೊಂಡ. ಒಂದು ಬೆಳಿಗ್ಗೆ 7.40ಕ್ಕೆ ಬಿಟ್ಟಿತ್ತು. ನಾಳೆಯದನ್ನು ಮುಂಚೆಯೇ ಲೆಕ್ಕ ಹಾಕಿ 7.90 ಅಂತ ಬರೆದ. ನಾನು ತಿದ್ದಲಿಲ್ಲ. ಮರುದಿನ ವಾಚು ಹಿಡಿದು ದಂಡೆಯಲ್ಲಿ ಕೂತ. 7.59 ಆಯಿತು, 8.00 ಆಯಿತು, ನೀರಿನ್ನೂ ಮೆಟ್ಟಿಲ ಮೇಲೇ ಇತ್ತು. ಓಡಿ ಬಂದು, "ಆಯಿ, ಅರವತ್ತಕ್ಕೇ ಗಂಟೆ ಮುಗೀತು. ಉಳಿದ ಮೂವತ್ತನ್ನ ಎಂಟರ ಮೇಲೆ ಹಾಕ್ಬೇಕು" ಅಂದ. ಇದೇ ಲೆಕ್ಕದ ನಾಲ್ಕು ಹಾಳೆಯನ್ನು ಪೆಟ್ಟಿಗೆಯ ಪುಸ್ತಕದಲ್ಲಿ ಅವನು ಅಳುತ್ತಾ ಮಾಡಿದ್ದ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಜಾಸ್ತಿ ಇಳಿಯುತ್ತದೆ ಅಂತ ಬಳಚು ಆರಿಸುವವರು ಹೇಳಿದರು. ಅಲ್ಲಿಂದ ಚಂದ್ರನ ಪಾಠಕ್ಕೆ ಹೋದೆವು.

ಆಮೇಲೆ ಎಲ್ಲ ವಿಷಯವನ್ನೂ ಒಂದೇ ಕಡೆಯಿಂದ ತರಬೇಕು ಅನ್ನುವುದನ್ನು ಬಿಟ್ಟೆ. ಗಣಿತಕ್ಕೆ ಕೇಂದ್ರದ ಎನ್‌ಸಿಇಆರ್‌ಟಿ ಪಠ್ಯಪುಸ್ತಕ ತೆಗೆದುಕೊಂಡೆವು. ಆಗಿನ ಐದನೇ ತರಗತಿ ಪುಸ್ತಕದ ಮೊದಲ ಪಾಠವೇ ಮೀನಿನದು. ದೋಣಿ, ಮೀನು ಮಾರುವ ಹೆಂಗಸರು, ಒಣಮೀನು, ಎಲ್ಲ ಇತ್ತು. ಅವನ ವಯಸ್ಸಿಗೆ ಒಂದು ತರಗತಿ ಮುಂದಿನದು, ಆದರೂ ಅಲ್ಲಿಂದಲೇ ಶುರು ಮಾಡಿದೆವು. ನಾನು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಕನ್ನಡ ಮತ್ತು ಪರಿಸರಕ್ಕೆ ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳು. ಎರಡೂ ಅವರವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಪಾಠ ಮಾತ್ರ ಪ್ರಿಂಟ್ ಹಾಕಿಸಿ ಒಂದು ವಾರ ನೋಡುವುದು, ಹಿಡಿಸಿದರೆ ಮುಂದಿನದು. ಪ್ರಶ್ನೆಗಳಿಗೆ ಅವನು ಬಾಯಲ್ಲಿ ಉತ್ತರ ಹೇಳಬೇಕು, ನಾನು ಬರೆದುಕೊಳ್ಳಬೇಕು, ಅದರಲ್ಲಿ ಮೂರು ಸಾಲನ್ನು ಅವನು ನೋಡಿ ಬರೆಯಬೇಕು. ಯುಗಾದಿ ಹೊತ್ತಿಗೆ ಮೂರು ಸಾಲು ಅರ್ಧ ಪುಟವಾಗಿತ್ತು. ಇಂಗ್ಲಿಷಿಗೆ ಮಾತ್ರ ಪೆಟ್ಟಿಗೆಯ ಕಥೆಪುಸ್ತಕಗಳನ್ನೇ ಇಟ್ಟುಕೊಂಡೆ. ಅವು ನಿಜಕ್ಕೂ ಒಳ್ಳೆಯವು.

ನೆಂಟರೆಲ್ಲ ಕೇಳುವುದು ಒಂದೇ, "ಹತ್ತನೇ ತರಗತಿಗೆ ಏನು ಮಾಡ್ತೀರಿ?" ಅದನ್ನು ಮೊದಲೇ ವಿಚಾರಿಸಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳದ್ದು, ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವ ಮಾತೇ ಅದರಲ್ಲಿಲ್ಲ. ನಾವು ನೆಚ್ಚಿಕೊಂಡಿರುವುದು ಎನ್‌ಐಒಎಸ್ ಅನ್ನು, ಅಂದರೆ ಕೇಂದ್ರದ ಮುಕ್ತ ಶಾಲೆಯನ್ನು. 14 ತುಂಬಿದ ಮೇಲೆ ಅಲ್ಲಿ ಹತ್ತನೆಯದಕ್ಕೆ ಸೇರಬಹುದು. ಐದು ವಿಷಯ ಸಾಕು, ಕನ್ನಡವನ್ನು ಭಾಷೆಯಾಗಿ ತೆಗೆದುಕೊಳ್ಳಬಹುದು. ಪರೀಕ್ಷೆ ವರ್ಷಕ್ಕೆ ಎರಡು ಸಲ ಇರುತ್ತದೆ, ಐದು ವರ್ಷದೊಳಗೆ ಒಂದೊಂದೇ ವಿಷಯ ಮುಗಿಸಿದರೂ ನಡೆಯುತ್ತದೆ. ಇದು ಗೊತ್ತಾದ ಮೇಲೆ ಅತ್ತೆಯವರ ಚಿಂತೆ ಅರ್ಧ ಇಳಿಯಿತು. ನನ್ನದೂ.

ಈಗ ಅವನಿಗೆ ಹನ್ನೆರಡು. ಪ್ರತಿ ಮೇ ತಿಂಗಳಲ್ಲಿ ಎರಡು ವಾರ ಪಾಠ ನಿಲ್ಲಿಸಿ ಮತ್ತೆ ಡೈರಿ ತೆಗೆಯುತ್ತೇನೆ. ಹೋದ ವರ್ಷ ಹಿಡಿಸಿದ್ದು ಈ ವರ್ಷವೂ ಹಿಡಿಸುತ್ತದೆ ಅಂತಿಲ್ಲ ಅಲ್ವಾ? ಈ ಸಲ ಸಮಾಜ ವಿಜ್ಞಾನ ಬೇಡವೇ ಬೇಡ ಅಂತಿದ್ದಾನೆ. ಮಿರ್ಜಾನ ಕೋಟೆಗೆ ಕರೆದರೆ ಮಾತ್ರ ಯಾವತ್ತೂ ತಯಾರು. ಹಾಗಾಗಿ ಜೂನಿನಿಂದ ಆ ಕೋಟೆಯನ್ನು ಆಳಿದ ರಾಣಿ ಚೆನ್ನಭೈರಾದೇವಿ, ಕಾಳುಮೆಣಸು, ಪೋರ್ಚುಗೀಸರು ಅಂತ ಶುರು ಮಾಡುತ್ತೇವೆ. ಪಠ್ಯಪುಸ್ತಕದ ಯಾವ ಪಾಠ ಅದರ ಜೊತೆ ಹೊಂದುತ್ತದೆ ಅಂತ ಗುರುತು ಹಾಕುತ್ತಾ ಕೂತಿದ್ದೇನೆ.