ಕರೆಂಟ್ ಕಡಿಮೆ ಎಳೆಯುವ ಕಂಪ್ಯೂಟರ್ ಜೋಡಿಸಿಕೊಳ್ಳಿ

ಮೇಲ್ ನೋಡಲು, ಪತ್ರ ಟೈಪ್ ಮಾಡಲು, ಸಂಜೆ ಒಂದೆರಡು ವಿಡಿಯೊ ನೋಡಲು ಗೇಮಿಂಗ್ ಕಂಪ್ಯೂಟರ್ ತರುವುದೆಂದರೆ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಬಿಟ್ಟ ಹಾಗೆ. ಇಷ್ಟು ಕೆಲಸಕ್ಕೆ ಪುಟ್ಟ ಯಂತ್ರ ಸಾಕು. ಸುಮ್ನೆ ಇದ್ದಾಗ 10 ವ್ಯಾಟ್ ಆಸುಪಾಸಿನಲ್ಲೇ ಇರುವ ಕಂಪ್ಯೂಟರನ್ನು ಒಂದು ಮಧ್ಯಾಹ್ನದಲ್ಲಿ ನೀವೇ ಜೋಡಿಸಬಹುದು.

ಮೊದಲು ಮದರ್‌ಬೋರ್ಡ್, ಅಂದರೆ ಉಳಿದ ಭಾಗಗಳೆಲ್ಲ ಕೂರುವ ಮುಖ್ಯ ಹಲಗೆ. ಪ್ರೊಸೆಸರನ್ನು ಬೆಸುಗೆ ಹಾಕಿಯೇ ಮಾರುವ ಮಿನಿ-ಐಟಿಎಕ್ಸ್ ಎಂಬ ಪುಟ್ಟ ಅಳತೆಯ ಬೋರ್ಡ್ ಹುಡುಕಿ. ಅಗಲ, ಉದ್ದ ಎರಡೂ 17 ಸೆಂಟಿಮೀಟರ್. 2023ರಲ್ಲಿ ಬಂದ ಇಂಟೆಲ್ ಎನ್100 ಇರುವ ಬೋರ್ಡ್ ನನ್ನ ಆಯ್ಕೆ. ನಾಲ್ಕು ಕೋರ್ ಇದೆ. ವಿಡಿಯೊ ಕುಗ್ಗಿಸಲು ಯೂಟ್ಯೂಬ್ ಬಳಸುವ ವಿಪಿ9, ಎವಿ1 ಎಂಬ ವಿಧಾನಗಳ ವಿಡಿಯೊಗಳನ್ನು ಚಿಪ್ಪಿನೊಳಗಿನ ಗ್ರಾಫಿಕ್ಸ್ ಭಾಗವೇ ಬಿಡಿಸುತ್ತದೆ, ಹಾಗಾಗಿ ವಿಡಿಯೊ ತಡವರಿಸುವುದಿಲ್ಲ. ಇದರ ವಿವರದಲ್ಲಿ 6 ವ್ಯಾಟ್ ಎಂದು ಬರೆದಿರುತ್ತದೆ. ಅದು ಚಿಪ್ಪಿನ ಲೆಕ್ಕ ಮಾತ್ರ, ಪ್ಲಗ್ಗಿನ ಲೆಕ್ಕ ಅಲ್ಲ. ಕೆಲಸ ಜೋರಾದಾಗ ಇಡೀ ಯಂತ್ರ 20 ವ್ಯಾಟ್ ದಾಟಿದರೆ ಗಾಬರಿ ಬೇಡ.

ಈ ಪ್ರೊಸೆಸರಿಗೆ ಮೆಮೊರಿಯ ಚಾನೆಲ್, ಅಂದರೆ ಮಾಹಿತಿ ಓಡಾಡುವ ದಾರಿ, ಒಂದೇ. ಆದ್ದರಿಂದ 8 ಜಿಬಿಯ ಒಂದು ರ್‍ಯಾಮ್ ಪಟ್ಟಿ ಸಾಕು. ಬ್ರೌಸರಿನಲ್ಲಿ ಮೂವತ್ತು ಟ್ಯಾಬ್ ತೆರೆದಿಡುವವರು ನೀವಾದರೆ 16 ತನ್ನಿ. ಬೋರ್ಡಿಗೆ ಬೇಕಿರುವುದು ಡಿಡಿಆರ್4 ರ್‍ಯಾಮೋ ಡಿಡಿಆರ್5 ರ್‍ಯಾಮೋ, ಲ್ಯಾಪ್‌ಟಾಪಿನ ಗಿಡ್ಡ ಪಟ್ಟಿಯೋ ಡೆಸ್ಕ್‌ಟಾಪಿನ ಉದ್ದದ್ದೋ ನೋಡಿಕೊಂಡೇ ಕೊಳ್ಳಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಶೇಖರಣೆಗೆ 256 ಜಿಬಿ ಎಸ್‌ಎಸ್‌ಡಿ. ಕೆಟ್ಟ ಲ್ಯಾಪ್‌ಟಾಪಿನಿಂದ ತೆಗೆದದ್ದು ಇದ್ದರೆ ಅದೂ ಆಗುತ್ತದೆ.

ಇನ್ನು ಹೆಚ್ಚಿನವರು ಎಡವುವ ಜಾಗ: ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಂತೆ ಬದಲಿಸುವ ಡಬ್ಬ. ನಾನೂ ಎಡವಿದ್ದೇನೆ. ಮೂಲೆಯಲ್ಲಿದ್ದ 450 ವ್ಯಾಟಿನ ಹಳೆಯ ಎಸ್‌ಎಂಪಿಎಸ್ ಜೋಡಿಸಿ, ದುಡ್ಡು ಉಳಿಯಿತು ಎಂದು ಬೀಗಿದ್ದೆ. ಆದರೆ ಉಳಿಯಬೇಕಿದ್ದ ಕರೆಂಟು ಅದರೊಳಗೇ ಬಿಸಿಯಾಗಿ ಹೋಗುತ್ತಿತ್ತು. ಕರೆಂಟು ಹೆಚ್ಚು ಪೋಲು ಮಾಡುವುದಿಲ್ಲ ಎಂದು ಸಾರುವ 80 ಪ್ಲಸ್ ಎಂಬ ಮುದ್ರೆ ಇದ್ದರೂ ಅಷ್ಟೇ. ಆ ಸಾಮಾನ್ಯ ಮುದ್ರೆಗೆ ಪರೀಕ್ಷೆ ಮಾಡುವುದು 20, 50 ಮತ್ತು 100 ಶೇಕಡಾ ಹೊರೆಯಲ್ಲಿ. 450ರ 20 ಶೇಕಡಾ ಎಂದರೆ 90 ವ್ಯಾಟ್. ನಮ್ಮ ಯಂತ್ರ ಅಲ್ಲಿಗೆ ಮುಟ್ಟುವುದೇ ಇಲ್ಲ, ಅಲ್ವಾ? ಅದಕ್ಕೇ ಲ್ಯಾಪ್‌ಟಾಪಿನಂತೆ ಅಡಾಪ್ಟರ್ ಚುಚ್ಚುವ ಬೋರ್ಡ್ ಕೊಳ್ಳಿ. ಹಲವು ಬೋರ್ಡ್‌ಗಳಿಗೆ 19 ವೋಲ್ಟಿನ ಅಡಾಪ್ಟರ್ ಬೇಕು. ವೋಲ್ಟೇಜು, ಪಿನ್ನಿನ ದಪ್ಪ, ಪ್ಲಸ್-ಮೈನಸ್ ಮೂರೂ ಬೋರ್ಡಿನ ಪುಸ್ತಕದಲ್ಲಿ ಇರುವಂತೆಯೇ ಇರಲಿ.

ಜೋಡಿಸುವುದು ಸುಲಭ. ಕೈಯನ್ನು ಒಮ್ಮೆ ಯಾವುದಾದರೂ ಲೋಹಕ್ಕೆ ಮುಟ್ಟಿಸಿ, ಮೈಯಲ್ಲಿನ ಸ್ಥಿರ ವಿದ್ಯುತ್ ಇಳಿಯಲಿ. ಬೋರ್ಡ್ ಹೊರಗಿರುವಾಗಲೇ ರ್‍ಯಾಮ್ ಒತ್ತಿ, ಕ್ಲಿಪ್ ಟಕ್ ಎನ್ನಬೇಕು. ಆಮೇಲೆ ಕ್ಯಾಬಿನೆಟ್ಟಿನಲ್ಲಿ ನಾಲ್ಕು ಸ್ಕ್ರೂ. ತಾಳ್ಮೆ ಬೇಕಾಗುವುದು ಮುಂಭಾಗದ ಸಣ್ಣ ವೈರುಗಳಿಗೆ. ಪವರ್ ಸ್ವಿಚ್ಚಿನ ವೈರನ್ನು ಹಿಂದುಮುಂದು ಹಾಕಿದರೂ ನಡೆಯುತ್ತದೆ, ಎಲ್‌ಇಡಿಯದು ತಿರುಗಿದರೆ ದೀಪ ಹತ್ತುವುದಿಲ್ಲ. ಫ್ಯಾನ್ ಇಲ್ಲದ ಬೋರ್ಡಾದರೆ ಕ್ಯಾಬಿನೆಟ್ಟಿನ ಕಿಂಡಿಗಳ ಮೇಲೆ ಪುಸ್ತಕ, ಬಟ್ಟೆ ಇಡಬೇಡಿ.

ಆನ್ ಮಾಡಿದ ಮೇಲೆ ಬಯೋಸ್‌ಗೆ, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪರದೆಗೆ ಹೋಗಿ ಸಿ-ಸ್ಟೇಟ್ ಎಂಬ ಆಯ್ಕೆ ಹುಡುಕಿ ಚಾಲೂ ಮಾಡಿ. ಕೆಲಸವಿಲ್ಲದಾಗ ಪ್ರೊಸೆಸರ್ ತೂಕಡಿಸಲು ಬಿಡುವುದು ಇದೇ. ಇನ್‌ಸ್ಟಾಲ್ ಮಾಡಲು ಪೆನ್‌ಡ್ರೈವಿನಲ್ಲಿ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿಕೊಳ್ಳಿ, ಅದರ ಎಕ್ಸ್‌ಎಫ್‌ಸಿಇ ಆವೃತ್ತಿ ಹಗುರ, ದುಡ್ಡೂ ಬೇಡ. ವಿಂಡೋಸ್ 11 ಕೂಡ ಓಡುತ್ತದೆ, ಆದರೆ ಅದಕ್ಕೆ ಲೈಸೆನ್ಸಿನ ಖರ್ಚಿದೆ.

ಇಷ್ಟೆಲ್ಲ ಮಾಡಿ ಮಾನಿಟರ್ ಮರೆತರೆ ಹೇಗೆ? 24 ಇಂಚಿನದು ಸುಮಾರು 20 ವ್ಯಾಟ್ ಎಳೆಯಬಹುದು, ಅಂದರೆ ಕಂಪ್ಯೂಟರಿಗಿಂತ ಜಾಸ್ತಿ. ಎರಡೂ ಸೇರಿ 30 ವ್ಯಾಟ್, ದಿನಕ್ಕೆ ಆರು ಗಂಟೆ ಎಂದರೆ ತಿಂಗಳಿಗೆ 5.4 ಯೂನಿಟ್. ಹಳೆಯ ದೊಡ್ಡ ಡಬ್ಬ ಒಂದೇ 80 ವ್ಯಾಟ್ ಎಳೆಯುತ್ತಿದ್ದರೆ ಅದೇ ಮಾನಿಟರ್ ಸೇರಿ 18 ಯೂನಿಟ್. ಪರದೆಯ ಬೆಳಕನ್ನು ಕಣ್ಣಿಗೆ ಹಿತವಾಗುವಷ್ಟು ತಗ್ಗಿಸಿ, ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಆರುವಂತೆ ಸೆಟ್ ಮಾಡಿಡಿ.