26 ವಾರದ ಹೆರಿಗೆ ರಜೆ ಪೂರ್ತಿ ಸಂಬಳದ ಜೊತೆ ಸಿಕ್ಕಿದ್ದು ಹೇಗೆ

ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡಿಕೊಳ್ಳೋದು ನನ್ನ ಕೆಲಸ. ಹೆರಿಗೆ ರಜೆ ಕೇಳಿದಾಗ ಮ್ಯಾನೇಜರ್, "ಮೂರು ತಿಂಗಳು ತಗೊಳಮ್ಮ, ಒಂದು ತಿಂಗಳ ಸಂಬಳ ಕೊಡಿಸ್ತೀನಿ. ನೀನು ಕಾಂಟ್ರಾಕ್ಟ್ ಅಲ್ವಾ?" ಅಂದರು. ಗದರಲಿಲ್ಲ, ಉಪಕಾರ ಮಾಡುವ ಧಾಟಿ. ಅದೇ ಹೆಚ್ಚು ಉರಿದದ್ದು.

ಜಗಳಕ್ಕೆ ಹೋಗಲಿಲ್ಲ, ಅರ್ಜಿ ಬರೆದೆ. ಆಗ ಜಾರಿಯಲ್ಲಿದ್ದ (2025ರಲ್ಲಿ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಹೋದ) 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿಯಾದ ಮೇಲೆ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. ಅದರಲ್ಲಿ 8 ವಾರದವರೆಗೆ ಹೆರಿಗೆಗೆ ಮೊದಲೇ ತಗೋಬಹುದು. ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ಕಾಂಟ್ರಾಕ್ಟ್ ಅವಧಿ ಮುಗಿದರೂ ಈ ಸೌಲಭ್ಯ ತಪ್ಪುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2023ರಲ್ಲೇ ಹೇಳಿದೆ. ಇಷ್ಟನ್ನೂ ಒಂದೇ ಪುಟದಲ್ಲಿ ಬರೆದು, ಹೆರಿಗೆಯ ಅಂದಾಜು ದಿನಾಂಕ ಇರುವ ತಾಯಿ ಕಾರ್ಡ್ ಪುಟದ ಜೆರಾಕ್ಸ್, ಸಂಬಳ ಜಮೆಯಾದ ಪಾಸ್‌ಬುಕ್ ಹಾಳೆ ಲಗತ್ತಿಸಿದೆ.

ಕೆಲಸ ಆಗಿದ್ದು ಒಂದು ಸೀಲಿನಿಂದ. ಬಾಯಿಮಾತಿಗೆ "ನೋಡೋಣ" ಅನ್ನಬಹುದು. ನನ್ನ ಪ್ರತಿಯ ಮೇಲೆ ತಾರೀಖಿನ ಸಮೇತ 'ಸ್ವೀಕರಿಸಲಾಗಿದೆ' ಅಂತ ಒತ್ತಿಸಿಕೊಂಡ ಮೇಲೆ ಕಾಗದ ಆಡಿಟರ್ ಮೇಜಿಗೇ ಹೋಯಿತು. ಅವರು ಓದಿ, "ಕೊಡಲೇಬೇಕು ಸಾರ್" ಅಂದರಂತೆ. ಕಾರ್ಮಿಕ ಇಲಾಖೆಯ ಮೆಟ್ಟಿಲು ಹತ್ತುವ ಪ್ರಸಂಗ ಬರಲಿಲ್ಲ.

ಸಂಬಳದಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಡಿತ ಇರುವವರು ಮಾಲೀಕರನ್ನಲ್ಲ, ಇಎಸ್‌ಐ ಕಚೇರಿಯನ್ನೇ ಕೇಳಬೇಕು. ನನಗೆ ಆ ಕಡಿತ ಇರಲಿಲ್ಲ. ಆಸ್ಪತ್ರೆ ಖರ್ಚು ಕಂಪನಿ ನೋಡಿಕೊಳ್ಳದಿದ್ದರೆ 3,500 ರೂಪಾಯಿ ವೈದ್ಯಕೀಯ ಬೋನಸ್ಸೂ ಉಂಟು. ಅದಕ್ಕೆ ಬೇರೆ ಅರ್ಜಿ ಕೊಟ್ಟೆ, ಅದಕ್ಕೂ ಸೀಲು ಹಾಕಿಸಿದೆ.